ಮಾವನವರ ಹಾರ್ಟು

ಮಾರ್ಚ್ 3, ಬೆಳಿಗ್ಗೆ
ಮತ್ತೆ ಉಪ್ಪು ಜಾಸ್ತಿ. ಇವನು ತುಟಿಪಿಟಕ್ಕೆನ್ನದೆ ತಿಂದ, ತಟ್ಟೆ ತೊಳೆದ, "ಸಮುದ್ರಸ್ನಾನ ಆಯ್ತು" ಎಂದು ಸ್ಟುಡಿಯೋಗೆ ಓಡಿದ. ಇಂಥ ಗಂಡ ಯಾರಿಗುಂಟು! ಕಂಡವರ ಮದುವೆ ವಿಡಿಯೋ ಎಡಿಟ್ ಮಾಡುತ್ತ, ನಿದ್ದೆ ತಡೆಯಲೆಂದು ಮೂಗಿಗೆಳೆಯುವ ಡ್ರಗ್ ಪೌಡರ್ ಚಟ ಹಚ್ಚಿಕೊಂಡಿದ್ದವನು. ಮದುವೆಗೆ ಮೊದಲೇ ಎಲ್ಲ ಹೇಳಿದ್ದ. ಬಿಟ್ಟು ವರ್ಷದ ಮೇಲಾಯಿತು. ಹೇಗೆ ಬಿಟ್ಟೆಯೋ ಅಂದರೆ, "ಹಚ್ಕೊಂಡವನೂ ನಾನೇ, ಬಿಟ್ಟವನೂ ನಾನೇ" ಅಂತಾನೆ. ಸೋ ಪ್ರೌಡ್!

ಮಾರ್ಚ್ 9
ಇವನ ಸೋದರತ್ತೆ ಬಂದಿದ್ದರು. ಮಾವನವರ ಫೋಟೋ ತೋರಿಸಿ, "ಪಾಪ, ಆ ವಯಸ್ಸಿಗೇ ಹಾರ್ಟ್ ಅಟ್ಯಾಕ್" ಅಂದೆ.
"ಹಾರ್ಟೇ ಕಣೇ. ಅದನ್ನ ಓಡಿಸ್ತಿದ್ದದ್ದು ಮಾತ್ರೆ. ರಾತ್ರಿಯೆಲ್ಲ ಲಾರಿ, ನಿದ್ದೆ ಬರದ ಹಾಗೆ ಮಾತ್ರೆ. ನಮ್ಮಪ್ಪಂದೂ ಅದೇ ಕಥೆ. ನಿಮ್ಮತ್ತೆ ಇದನ್ನ ಮಗನ ಹತ್ರ ಬಾಯಿ ಬಿಟ್ಟಿಲ್ಲ."
ತಕ್ಷಣ ಗೂಗಲ್ ಮಾಡಿದೆ. ಇಂಥ ಚಟದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಂಶದಿಂದ ಬರುವ ಜೀನ್‌ಗಳದಂತೆ! ಅಯ್ಯೋ ದೇವರೇ, ಹಾಗಾದರೆ ಇವನ ತಪ್ಪೇ ಅಲ್ಲ! ಸಂಜೆ ಬರಲಿ… ಎಷ್ಟು ಹಗುರಾಗುತ್ತಾನೋ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಾರ್ಚ್ 10
ಹೇಳಿದೆ. ನಗಲಿಲ್ಲ.
"ಅಪ್ಪನೂ?" ಅಂದ. ಆಮೇಲೆ, "ತಾತನೂ?"
"ಹೂಂ ಕಣೋ! ರಕ್ತದಲ್ಲೇ ಬಂದಿದ್ದು. ನಿನ್ನ ತಪ್ಪಲ್ಲ!"
"ನನ್ನ ತಪ್ಪು ಅಂತಿದ್ದಾಗ ಬಿಡೋದೂ ನನ್ನ ಕೈಲಿತ್ತು."
ಊಟ ಬೇಡವೆಂದ. ಸುಸ್ತಾಗಿರಬೇಕು.

ಮಾರ್ಚ್ 28
ಎರಡು ದಿನ ಮನೆಗೇ ಬಂದಿರಲಿಲ್ಲ. ಬಂದಾಗ ಹಲ್ಲು ಕಡಿಯುತ್ತಿದ್ದ. ನಿಲ್ಲಿಸದೆ ಮಾತು, ನಿಲ್ಲಿಸದೆ ನಗು. ಮತ್ತೆ ಪೌಡರ್. ಅತ್ತೆ ಬಾಗಿಲಲ್ಲೇ ನಿಂತು, "ಥೇಟ್ ಅವರಪ್ಪ" ಅಂದರು. ಇವನಿಗೆ ಕೇಳಿಸಿತು.
ನಾನೇ ಹೇಳಿದ್ದಲ್ಲವಾ. ಉಡುಗೊರೆ ಕೊಡುವ ಹಾಗೆ ಕುಣಿದುಕೊಂಡು ಹೋಗಿ—

ಏಪ್ರಿಲ್ 2, ಮಧ್ಯಾಹ್ನ, ಕ್ಲಿನಿಕ್
ಡಾಕ್ಟರ್ ಎರಡೆರಡು ಸಲ ಬಿಡಿಸಿ ಹೇಳಿದರು: "ರಿಸ್ಕ್ ಜಾಸ್ತಿ, ಅಷ್ಟೇ. ಹಣೆಬರಹ ಅಲ್ಲ." ಇವನ ಕಿವಿಗೆ ಮೊದಲರ್ಧ ಮಾತ್ರ ಹೋಗುತ್ತದೆ.
"ನಮ್ಮ ವಂಶನೇ ಹೀಗೆ. ನೀನು ತವರಿಗೆ ಹೋಗು" ಅಂದ, ಗೋಡೆಗೆ ಮುಖ ಮಾಡಿ.
ಮಂಚದ ಅಂಚಿಗೆ ಕೂತೆ.
"ವಂಶದ ಮಾತು ಆಮೇಲೆ. ತಪ್ಪು ನಿಂದು. ಪೂರ್ತಿ ನಿಂದೇ."
ತಿರುಗಿದ. ಎಷ್ಟೋ ದಿನದ ಮೇಲೆ ನನ್ನನ್ನೇ ನೋಡಿದ.
"ನಿಜವಾಗ್ಲೂ?"— ಮಗು ಮಿಠಾಯಿ ಕೇಳಿದ ಹಾಗೆ.
"ನಿಜವಾಗ್ಲೂ" ಅಂದೆ.
ಸುಳ್ಳು ಅನ್ನಿಸಲಿಲ್ಲ. ನಿಜ ಅಂತಲೂ…