ಕೈಮನೆ, ಬಾಯಿಮನೆ

ಇಸವಿ ೨೩೪೧, ಶೇಂಗಾ ಕೀಳುವ ತಿಂಗಳ ಮೂವತ್ತೆಂಟನೆಯ ದಿನ
ಚಳ್ಳಕೆರೆ ಸೀಮೆ, ಬಯಲುಪೇಟೆ

ಹಿಂದಿನ ಕಾಲದ ಮೇಷ್ಟ್ರುಗಳಿಗೂ ಟೀಚರಮ್ಮಂದಿರಿಗೂ ಕೈಮನೆಯ ಮಾರಕ್ಕ ಮಾಡುವ ನಮಸ್ಕಾರಗಳು.

ಮೂವತ್ತೆಂಟನೆಯ ದಿನ ಎಂದು ಓದಿ ನೀವು ನಗಬಹುದು. ನಮ್ಮಲ್ಲಿ ಬೆಳೆ ಮನೆಗೆ ಬರುವವರೆಗೆ ತಿಂಗಳು ಮುಗಿಯುವುದಿಲ್ಲ. ನನ್ನ ಕನ್ನಡವೂ ನಿಮಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಅಲ್ಲಲ್ಲಿ ತಡೆದೀತು, ಮನ್ನಿಸಬೇಕು. ಇಂಥ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ವರ್ಷಕ್ಕೊಮ್ಮೆ ಊರಿನ ಬರೆಯುವವರಲ್ಲಿ ಒಬ್ಬರು ಆಗಿಹೋದ ಕಾಲದವರಿಗೆ ಓಲೆ ಬರೆದು, ಮಡಕೆಯಲ್ಲಿಟ್ಟು ಹೂಳುವುದು ಇಲ್ಲಿಯ ಪದ್ಧತಿ. ಮಳೆ ಬಂತು, ಬೆಳೆ ಬಂತು, ಎಲ್ಲರೂ ಕ್ಷೇಮ ಎಂದು ಬರೆದು ಕೈ ತೊಳೆದುಕೊಳ್ಳುವುದು ವಾಡಿಕೆ. ಯಾರಿಗೂ ಇದುವರೆಗೆ ಉತ್ತರ ಬಂದಿಲ್ಲ. ಈ ಸಲದ ಸರದಿ ನನ್ನದು, ಮಳೆಯ ವಿಚಾರ ಬರೆಯುವ ಮನಸ್ಸು ನನಗಿಲ್ಲ. ನನ್ನ ಮಗಳು ಹೊನ್ನೂರಿಯ ವಿಚಾರ ಬರೆಯುತ್ತೇನೆ.

ನಮ್ಮಲ್ಲಿ ಜನ ಎರಡು ಬಗೆ, ಕೈಯವರು ಮತ್ತು ಬಾಯಿಯವರು. ಜಾತಿ ಎಂದುಕೊಳ್ಳಬೇಡಿ, ಇದು ಹುಟ್ಟಿನಿಂದ ಬರುವುದಲ್ಲ. ಮಗುವಿಗೆ ಎಂಟು ತುಂಬಿದಾಗ ಊರಿನ ಸಭೆ ಅದನ್ನು ಕೈಮನೆಗೋ ಬಾಯಿಮನೆಗೋ ಸೇರಿಸುತ್ತದೆ. ಕೈಮನೆಯಲ್ಲಿ ಬರೆಯಲು ಕಲಿಸುತ್ತಾರೆ, ಅಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಬಾಯಿಮನೆಯಲ್ಲಿ ಮಾತಾಡಲು ಕಲಿಸುತ್ತಾರೆ, ಆದರೆ ಕೈಯವರು ಬರೆದುಕೊಟ್ಟದ್ದನ್ನು ಮಾತ್ರ. ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟು ಯಾರು ಬೇಕಾದರೂ ಆಡಬಹುದು. ಒಂದಕ್ಕೊಂದು ಸೇರಿಸಿ ಆಡುವ ಮಾತಿಗೆ ಕೂಡುಮಾತು ಎಂದು ಹೆಸರು. ಅದನ್ನು ಕೈಯವರು ಬರೆಯಬೇಕು, ಬಾಯಿಯವರು ಹೇಳಬೇಕು. ಸಭೆಯಲ್ಲಿ ಅರ್ಜಿ, ಮದುವೆಯಲ್ಲಿ ಹಾರೈಕೆ, ಸಂತೆಯಲ್ಲಿ ಜಗಳ, ಎಲ್ಲವೂ ಹೀಗೇ. ಎಮ್ಮೆ ಬೇಲಿ ಹಾರಿದರೂ ಬೈಯಲು ಇಬ್ಬರು ಬೇಕು. ಅದಕ್ಕೇ ಮದುವೆಯನ್ನೂ ಒಂದು ಕೈ ಒಂದು ಬಾಯಿ ನೋಡಿಯೇ ಮಾಡುತ್ತಾರೆ. ಎಂಟು ತುಂಬದ ಮಕ್ಕಳಿಗೆ ಮಾತ್ರ ಈ ಕಟ್ಟಿಲ್ಲ.

ಇದೆಲ್ಲ ಎಲ್ಲಿಂದ ಬಂತು ಎಂದು ಕೈಮನೆಯ ಹಳೆಯ ಬರಹಗಳಲ್ಲಿ ಹುಡುಕಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ತರಗತಿಗಳಿಂದಲೇ ಬಂದಂತಿದೆ. ಬರೆಯುವ ಪಿರಿಯಡ್ಡಿನಲ್ಲಿ ಮಾತಾಡಿದ ಮಗುವನ್ನು ನೀವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಂತೆ. ಭಾಷಣ ಸ್ಪರ್ಧೆ ಬಂದರೆ ಮೇಷ್ಟ್ರೋ ಅಪ್ಪನೋ ಬರೆದುಕೊಟ್ಟದ್ದನ್ನು ಮಗು ಬಾಯಿಪಾಠ ಮಾಡಿ, ಕೈ ಕಟ್ಟಿ ನಿಂತು ಒಪ್ಪಿಸಿ, ಬಹುಮಾನದ ತಟ್ಟೆ ಹಿಡಿದು ಮನೆಗೆ ಹೋಗುತ್ತಿತ್ತಂತೆ. ಬರೆದವರು ಒಬ್ಬರು, ಹೇಳಿದವರು ಇನ್ನೊಬ್ಬರು. ಚಪ್ಪಾಳೆ ತಟ್ಟಿದವರಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಆಮೇಲಿನವರು ಅದನ್ನೇ ಗೋಡೆ ಕಟ್ಟಿ, ಚಾವಣಿ ಹಾಕಿ ಗಟ್ಟಿ ಮಾಡಿದರು.

ನನ್ನ ಗಂಡ ಓಬಳೇಶ ಬಾಯಿಯವನು. ಅವನ ದನಿ ಕೇಳಲು ಪಕ್ಕದ ಊರಿನವರೂ ಬರುತ್ತಾರೆ. ಅವರಪ್ಪ ತೀರಿಕೊಂಡ ದಿನ ಹೆಣದ ಮುಂದಿನಿಂದ ಎದ್ದು ಒಳಗೆ ಬಂದು ನನ್ನ ಮುಂದೆ ನಿಂತ. "ಏನಾರ ಬರ್ಕೊಡು ಮಾರಿ, ನಾನು ಅಳಬೇಕು" ಎಂದ. ಬರೆದುಕೊಟ್ಟೆ. ಓದಿ ಅತ್ತ, ಊರೂ ಅತ್ತಿತು. ನನಗೆ ಮಾತ್ರ ಅಳು ಬರಲಿಲ್ಲ, ಹೆದರಿಕೆಯಾಯಿತು. ಹೊನ್ನೂರಿಗೆ ದಿನವೂ ಕಥೆ ಹೇಳುವವನೂ ಅವನೇ. ಬರೆಯುವವಳು ನಾನು. ಮಗಳು ಅವನ್ನು ಅಪ್ಪನ ಕಥೆ ಎನ್ನುತ್ತಾಳೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವಳು ಕಣ್ಣರಳಿಸಿ ಅವನ ಮುಖ ನೋಡುವಾಗ ಬಾಗಿಲ ಮರೆಯಲ್ಲಿ ನಿಂತ ನನಗೆ ಹೊಟ್ಟೆ ಉರಿದದ್ದಿದೆ.

ಈಗ ಅವಳಿಗೆ ಎಂಟು ತುಂಬುತ್ತಿದೆ. ದನಿ ಅಪ್ಪನದೇ. ಸಭೆ ಅವಳನ್ನು ಬಾಯಿಮನೆಗೆ ಕಳಿಸುವುದು ಖಂಡಿತ. ಬೆಳಗಿನಿಂದ ಸಂಜೆಯವರೆಗೆ ವಟವಟ ಎನ್ನುವ, ಗೋಡೆಯ ಮೇಲೆಲ್ಲ ಇದ್ದಿಲಿನಿಂದ ಗೀಚುವ ಈ ಹುಡುಗಿ ಅಲ್ಲಿಂದ ಒಳ್ಳೆಯ ದನಿ ಹೊತ್ತು ವಾಪಸು ಬರುತ್ತಾಳೆ. ತನ್ನದು ಎನ್ನುವ ಒಂದು ಮಾತೂ ಅವಳಲ್ಲಿ ಉಳಿದಿರುವುದಿಲ್ಲ. ಅವಳೂ ಒಂದು ದಿನ ನನ್ನ ಮುಂದೆ ಬಂದು ಅಳಲು ಬರೆದುಕೊಡು ಎಂದರೆ ನಾನು ತಡೆದುಕೊಳ್ಳಲಾರೆ.

ಅದಕ್ಕೇ ಸಭೆಗೆ ಅರ್ಜಿ ಬರೆದು, ಒಂದು ಬೆಳೆಯ ಕಾಲಕ್ಕೆ ಎಂಟು ತುಂಬದ ಮಕ್ಕಳನ್ನು ಕೇಳಿ ಪಡೆದೆ. ಹಳೆಯ ಬೀಜದ ಕೋಣೆ ಕೊಟ್ಟರು. ಬರಹ ಮತ್ತು ಮಾತು ಎರಡನ್ನೂ ಒಂದೇ ಚಾಪೆಯ ಮೇಲೆ ಕಲಿಸುತ್ತೇನೆ ಎಂದು ಹೊರಟವಳಿಗೆ ಹೇಗೆ ಕಲಿಸಬೇಕೆಂದೇ ಗೊತ್ತಿರಲಿಲ್ಲ. ಅಕ್ಷರ ಕೈಗೆ ಹತ್ತಿದ ಮೇಲೆ, ಮೊದಲು ಬರೆಯಿರಿ, ಆಮೇಲೆ ಎದ್ದು ಓದಿ ಎಂದೆ. ಮಕ್ಕಳು ಹಾಳೆಗೆ ಮೂಗು ತಾಗಿಸಿಕೊಂಡು ರಾಗ ಎಳೆದರು. ಕೇಳುವವರು ಆಕಳಿಸಿದರು. ಕೈಮನೆ ಬಾಯಿಮನೆಗಳನ್ನು ಒಂದೇ ಚಾವಣಿಯ ಕೆಳಗೆ ತಂದಿದ್ದೆನೇ ಹೊರತು ನಡುವಿನ ಗೋಡೆ ಹಾಗೇ ಇತ್ತು.

ಆ ಗೋಡೆ ಬಿದ್ದದ್ದು ಒಂದು ಜಡೆಯಿಂದ. ಮನೆಯಲ್ಲಿ ದಿನವೂ ನಡೆಯುವ ಒಂದು ಕೆಲಸದ ಬಗ್ಗೆ ಬರೆಯಿರಿ, ಒಬ್ಬರು ಓದಬೇಕು, ಇನ್ನೊಬ್ಬರು ಕೇಳಿದಷ್ಟನ್ನೇ ಮಾಡಬೇಕು ಎಂದು ಹಲಗೆಯ ಮೇಲೆ ಬರೆದಿದ್ದೆ. ಹೊನ್ನೂರಿ ಜಡೆ ಹಾಕುವುದನ್ನು ಬರೆದಿದ್ದಳು. ಅವಳು ಓದುತ್ತ ಕುಳಿತಳು, ಗೆಳತಿ ಜಬೀನ ಹಿಂದೆ ಕುಳಿತು ಅವಳ ಕೂದಲನ್ನೇ ಹೆಣೆದಳು. ಕೊನೆಗೆ ಕೈ ಬಿಟ್ಟದ್ದೇ ಜಡೆ ಬಿಚ್ಚಿಹೋಯಿತು. "ನೀನು ಬರ್ದಂಗೇ ಹೆಣ್ದಿದೀನಿ, ನನ್ನ ಬೈಬ್ಯಾಡ" ಎಂದಳು ಜಬೀನ. ಹೊನ್ನೂರಿ ಹಾಳೆ ಕೆಳಗಿಟ್ಟು ತಿರುಗಿದಳು. "ಹಂಗಲ್ಲ ಕಣೆ. ನಮ್ಮವ್ವ ಎಳ್ದು ಹಿಡೀತಾಳೆ, ಕಣ್ಣಾಗೆ ನೀರು ಬತ್ತಾವೆ. ಆದ್ರೂ ನಾನು ಅಲ್ಲಾಡಲ್ಲ. ಆವಾಗ ಮಾತ್ರ ನಮ್ಮವ್ವ ಬರೆಯೋದು ಬಿಟ್ಟು ನನ್ನತ್ರ ಕುಂತ್ಕತಾಳೆ" ಎಂದಳು. ಯಾರೂ ಹೇಳಿಕೊಡದೆ ಹಾಳೆ ಎತ್ತಿಕೊಂಡು ಅಷ್ಟನ್ನೂ ಸೇರಿಸಿ ಬರೆದಳು. ಮತ್ತೆ ಓದಿದಾಗ ಜಬೀನ ಎಳೆದು ಹೆಣೆದಳು, ಜಡೆ ನಿಂತಿತು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆಮೇಲೆ ಕೋಣೆಯಲ್ಲಿ ಗದ್ದಲವೋ ಗದ್ದಲ. ಬರೆದದ್ದನ್ನು ಓದುವುದು, ಅರ್ಥವಾಗಲಿಲ್ಲ ಎಂದು ಪಕ್ಕದವರು ತಗಾದೆ ತೆಗೆಯುವುದು, ಬಾಯಲ್ಲಿ ಬಿಡಿಸಿ ಹೇಳುವುದು, ಹೇಳಿದ್ದು ಚೆನ್ನಾಗಿದ್ದರೆ ಮತ್ತೆ ಹಾಳೆಗೆ ಇಳಿಸುವುದು. ಬಾಯಿಮನೆಯ ಹಿರಿಯರಾದ ತಿಪ್ಪಕ್ಕ ನೋಡಲು ಬಂದರು. ಒಳ್ಳೆಯ ಹೆಂಗಸು, ಮಕ್ಕಳೆಂದರೆ ಪ್ರಾಣ. "ಚೆಂದ ಐತೆ ಕಣವ್ವ" ಎಂದರು. ಉಳಿದದ್ದನ್ನು ಮರುದಿನ ಬರೆಸಿಕೊಂಡು ಬಂದು ಹೇಳಿದರು. "ಆದ್ರೆ ಇಂಥ ಮಕ್ಳು ಬೆಳೆದ್ರೆ ಸಭೆನಾಗೆ ಎಲ್ರೂ ಎದ್ದು ನಿಂತ್ಕತಾರೆ. ತೀರ್ಮಾನ ಆಗೋದು ಯಾವಾಗ?" ಅವರ ಮಾತಲ್ಲಿ ಹುರುಳಿಲ್ಲ ಎನ್ನಲಾರೆ. ಹೊನ್ನೂರಿಯಂಥ ಗಂಟಲನ್ನು ಬಿಟ್ಟುಕೊಡಲು ಅವರಿಗೆ ಇಷ್ಟವೂ ಇಲ್ಲ. ಸಭೆ ಕೊನೆಗೆ ಒಂದು ಮಾತಿಗೆ ಬಂತು: ಎರಡನ್ನೂ ಒಬ್ಬರೇ ಮಾಡಬಹುದು ಎನ್ನುವ ಮಾರಕ್ಕ ತಾನು ಬರೆದದ್ದನ್ನು ತಾನೇ ನಿಂತು ಹೇಳಲಿ. ಹೇಳಿದರೆ ಬೀಜದ ಕೋಣೆ ಉಳಿಯುತ್ತದೆ, ಮಗಳು ಅಲ್ಲೇ ಕಲಿಯುತ್ತಾಳೆ. ಇಲ್ಲವಾದರೆ ಬಾಯಿಮನೆ. ಸಭೆ ಸೇರುವುದು ನಾಳೆ.

"ಬರ್ಕೊಡು, ನಾನು ಹೇಳ್ತೀನಿ, ಕಲ್ಲೂ ಕರಗಬೇಕು" ಎಂದ ಓಬಳೇಶ. ಪಾಪ, ಪ್ರೀತಿಯಿಂದಲೇ ಅಂದ. ಅವನು ಹೇಳಿದರೆ ನಾವು ಸೋತಂತೆಯೇ ಎಂದು ಅವನಿಗೆ ತಿಳಿಸುವುದು ಹೇಗೆ? ಎಂಟನೆಯ ವಯಸ್ಸಿನಿಂದ ನಾನು ಕೂಡುಮಾತು ಆಡಿದವಳಲ್ಲ. ಇಂದು ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದೆ. "ಓದ್ಬ್ಯಾಡವ್ವ, ಹೇಳು" ಎಂದು ಹಾಳೆ ಕಿತ್ತುಕೊಂಡಳು. ಎರಡು ವಾಕ್ಯ ಆದವು, ಮುಂದಿನದು ಹೊಳೆಯಲಿಲ್ಲ. ಅವಳು ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ "ಆಮೇಲೆ?" ಎಂದಳು. ಆಮೇಲಿನದು ಬಂತು. ಅದು ಹಾಳೆಯಲ್ಲಿ ಇರಲಿಲ್ಲ.

ನಾಳೆ ಅಷ್ಟು ಜನರ ನಡುವೆ ಹಾಗೆ ಕೇಳುವವರು ಯಾರೂ ಇರುವುದಿಲ್ಲ. ಮಕ್ಕಳಿಗೆ ಸಭೆಗೆ ಪ್ರವೇಶವಿಲ್ಲ. ಹಾಳೆ ಇಲ್ಲದೆ ಹೋಗುತ್ತೇನೆ. ಏನಾಗುತ್ತದೋ ತಿಳಿಯದು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ತರಗತಿಯಲ್ಲಿ ಮಗು ತಾನು ಬರೆದದ್ದನ್ನು ಹಿಡಿದು ಎದ್ದು ನಿಂತಾಗ, ಮಾರ್ಕು ಹಾಕುವ ಮೊದಲು ಆಮೇಲೇನಾಯಿತು ಎಂದು ಕೇಳಿ. ಕೇಳಲು ಪಕ್ಕದ ಮಗುವಿಗೂ ಬಿಡಿ. ಗಂಟೆ ಹೊಡೆದರೂ ಮಾತು ಮುಗಿಯಲಿ, ಮುಗಿದ ಮೇಲೆ ಕುಳಿತು ಬರೆಯಲಿ. ಇವತ್ತು ಸಂಜೆ ನಿಮ್ಮ ಮನೆಗೂ ಒಂದು ಮಗು ಬರುತ್ತದೆ. ಚಪ್ಪಲಿ ಎಲ್ಲೋ ಬಿಟ್ಟು ನಿಮ್ಮ ತಲೆ ಚಿಟ್ಟು ಹಿಡಿಯುವ ತನಕ ಮಾತಾಡುತ್ತದೆ. ಆಮೇಲೆ ಏನೋ ಗೀಚಿದ ಹಾಳೆಯನ್ನು ನಿಮ್ಮ ತೊಡೆಯ ಮೇಲೆ ಹಾಕಿ, ನಾನೇ ಬರೆದದ್ದು ನೋಡಮ್ಮ ಎನ್ನುತ್ತದೆ. ನೀವು ಕೆಲಸವಿದೆ, ಆಮೇಲೆ ನೋಡುತ್ತೇನೆ ಎನ್ನುತ್ತೀರಿ. ನನಗೆ ಅಂಥ ಸಂಜೆಗಳು ಇನ್ನೂ ಕೆಲವು ವರ್ಷ ಸಿಕ್ಕಿದರೆ ಸಾಕು, ಬೇರೇನೂ ಬೇಡ.

ನಿಮ್ಮ ಮುಂದಿನ ಕಾಲದ,
ಮಾರಕ್ಕ