ಕಾವುಮದ್ದು ನೆಕ್ಕಿಸುವ ಮುನ್ನ

ಕಪ್ಪತಗುಡ್ಡ,
ಕ್ರಿ.ಶ. ೨೬೪೧, ಹದಿಮೂರನೆಯ ತಿಂಗಳು

ಹಿರಿಯರೇ,

ನೀವು ಸತ್ತು ಆರು ನೂರು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸೂರ್ಯ ಮುಖವನ್ನೇ ತೋರದ ತಿಂಗಳೊಂದನ್ನು ನಾವು ವರ್ಷಕ್ಕೆ ಸೇರಿಸಿಕೊಂಡಿದ್ದೇವೆ. ಆಕಾಶಕ್ಕೆ ಬೂದಿ ಕವಿದ ಮೇಲೆ ಇಲ್ಲಿ ಚಳಿಯದ್ದೇ ದರ್ಬಾರು. ಒಲೆಗೆ ಕಟ್ಟಿಗೆಯಿಲ್ಲ, ರೊಟ್ಟಿಗೆ ಜೋಳವಿಲ್ಲ. ಗವಿಯಲ್ಲಿ ಬೆಳೆದ ಅಣಬೆಯನ್ನೇ ಒಣಗಿಸಿ, ಬೀಸಿ, ತಟ್ಟುತ್ತೇವೆ. ಎದುರಾದವರನ್ನು ‘ಊಟಾತೇನು’ ಎಂದು ಯಾರೂ ಕೇಳುವುದಿಲ್ಲ. ಅಂಗಾಲು ಮುಟ್ಟಿ ‘ಬೆಚ್ಚಗ ಅದೀಯೇನು’ ಅನ್ನುತ್ತಾರೆ. ತಣ್ಣಗಿದ್ದವರಿಗೆ ಕಾವುಮದ್ದು: ನಿಮ್ಮ ಕಾಲದವರು ಮೈಯ ಕೊಬ್ಬು ಕರಗಿಸಲು ನುಂಗುತ್ತಿದ್ದ ಹಳದಿ ಪುಡಿ ಅದು. ಕೂಸಿನ ನಾಲಗೆಗಂತೂ ತೊಟ್ಟಿಲ ದಿನವೇ ನೆಕ್ಕಿಸುತ್ತಾರೆ.

ನಾನು ಬಾಳವ್ವ, ಇಲ್ಲಿಯ ವೈದ್ಯೆ. ಮಗಳು ಹೊನ್ನವ್ವ ಹೆತ್ತ ಮೇಲೆ ಸೊರಗಿದಳು. ಅವಳ ಅತ್ತೆ ಗೌರಕ್ಕ ಮದ್ದು ಕೊಟ್ಟಳು. ಮೈ ಕಾದಿತು, ಬೆವರು ಸುರಿಯಿತು, ಕೈ ಮಾತ್ರ ಎತ್ತಲಾಗಲಿಲ್ಲ. ನಾನು ಇನ್ನೊಂದು ಗವಿಯ ರೋಗಿಯನ್ನು ನೋಡಿ ಬರುವಷ್ಟರಲ್ಲಿ, “ಕಾವು ಬಂದೈತಿ, ಜೀವಾ ಬರಾಕ್ಹತ್ತೈತಿ, ಇನ್ನೊಂದೀಟು ಹಾಕೂಣು” ಎಂದು ಮತ್ತೆ ಕುಡಿಸಿದ್ದಳು. ಮೈ ಬಿಸಿಯಿರುವಾಗಲೇ ಹೆಣ ಮರಗಟ್ಟಿತು. ಗೌರಕ್ಕ ಕೆಟ್ಟವಳಲ್ಲ, ಕಕ್ಕುಲಾತಿಯಿಂದಲೇ ಕುಡಿಸಿದಳು. ಅಯ್ಯೋ ನನ್ನ ಕರ್ಮವೇ, ಆ ಕಕ್ಕುಲಾತಿಗೆ ಬೆಂಕಿ ಬೀಳಲಿ!

ಆದದ್ದೇನೆಂದು ಹೇಳುತ್ತೇನೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಕ್ಕೆ ಎರಡು ಪೊರೆ. ಉಂಡ ಅನ್ನ, ಎಳೆದ ಉಸಿರು ಸೇರಿ ಪ್ರೋಟಾನ್‌ಗಳನ್ನು ಒಳಪೊರೆಯ ಆಚೆಗೆ ನೂಕುತ್ತವೆ. ಅವು ಮರಳಿ ಬರುವ ದಾರಿಯಲ್ಲಿ ಒಂದು ಚಕ್ರವಿದೆ. ನಾವು ಕಣಗಿರಣಿ ಅನ್ನುತ್ತೇವೆ, ನೀವು ಎಟಿಪಿ ಸಿಂಥೇಸ್ ಅನ್ನುತ್ತಿದ್ದಿರಿ. ಪ್ರೋಟಾನ್ ನುಗ್ಗಿದಂತೆ ಚಕ್ರ ತಿರುಗುತ್ತದೆ, ಅದರ ನಡುಗಂಬ ತಲೆಯ ಮೂರು ಗೂಡುಗಳನ್ನು ಸರದಿಯಂತೆ ಒತ್ತುತ್ತದೆ, ಗೂಡಿನೊಳಗೆ ಎಡಿಪಿಗೆ ಫಾಸ್ಫೇಟ್ ಬೆಸೆದು ಎಟಿಪಿಯಾಗುತ್ತದೆ. ಕೈ ಎತ್ತಲು, ಎದೆ ಬಡಿಯಲು ಅದೇ ಬೇಕು. ಉಸಿರು ಕಟ್ಟಿದರೆ ಚಕ್ರ ಹಿಮ್ಮುಖ ತಿರುಗಿ ಇದ್ದ ಎಟಿಪಿಯನ್ನೂ ತಿನ್ನುತ್ತದೆ. ಆಗ ಅದನ್ನು ಹಿಡಿದು ನಿಲ್ಲಿಸುವ ತಡೆಯೊಂದು ಮೈಯಲ್ಲೇ ಇದೆ. ಕಾವುಮದ್ದಿನ ಮುಂದೆ ಯಾವ ತಡೆಯೂ ನಡೆಯದು. ಅದು ಪ್ರೋಟಾನ್‌ಗಳನ್ನು ಚಕ್ರಕ್ಕೆ ಮುಟ್ಟಿಸದೆಯೇ ಪೊರೆ ದಾಟಿಸಿಬಿಡುತ್ತದೆ. ದುಡಿಯಬೇಕಾದ ಶಕ್ತಿಯೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಮೈ ಕಾಯುತ್ತಾ ಕಾಯುತ್ತಾ ಎಟಿಪಿ ಬರಿದಾಗುತ್ತದೆ.

ಇದನ್ನೆಲ್ಲ ಗವಿಯವರಿಗೆ ಬಾಯಿ ನೋಯುವಷ್ಟು ಹೇಳಿದೆ. “ಮಗಳು ಹ್ವಾದ ಸಂಕಟಕ್ಕ ಹಿಂಗಂತಾಳ” ಎಂದು ಎದ್ದು ಹೋದರು. ಬದುಕಿದ್ದವರ ಮಾತು ಇಲ್ಲಿ ಕವಡೆಗೂ ಬಾಳದು. ಹಿರಿಯರು ಕಲ್ಲಿನಲ್ಲಿ ಕೆತ್ತಿದ್ದೇ ಕಟ್ಟಳೆ. ನಾಳೆ ಹೊನ್ನವ್ವನ ಕೂಸಿನ ತೊಟ್ಟಿಲು. ಗೌರಕ್ಕ ಆಗಲೇ ಪುಡಿ ತೇದಿಟ್ಟಿದ್ದಾಳೆ.

ಸೆರಗೊಡ್ಡಿ ಬೇಡುತ್ತೇನೆ. ಗುಡ್ಡದ ಪಡುವಣ ಬಂಡೆಯ ಮೇಲೆ ಒಂದೇ ಸಾಲು ಕೆತ್ತಿಸಿರಿ: ಕಾವೇ ಜೀವವಲ್ಲ, ಹಳದಿ ಪುಡಿಯನ್ನು ಯಾರ ಬಾಯಿಗೂ ಹಾಕಬೇಡಿ. ನೀವು ಕೆತ್ತಿಸಿದ್ದರೆ ಆ ಅಕ್ಷರ ಆರು ನೂರು ವರ್ಷದಿಂದ ಅಲ್ಲೇ ಇರಬೇಕು. ಇಷ್ಟು ಬರೆದು, ಎದ್ದು ಹೋಗಿ, ಬಂಡೆಯನ್ನೆಲ್ಲ ಅಂಗೈಯಿಂದ ಸವರಿ ಬಂದೆ.

ನುಣ್ಣಗಿದೆ.