ತಾತನ ಹಾಲಿಗೆ ಅರ್ಧ ಮಾತ್ರೆ

ಮಂಗಳವಾರ, ಹದಿನಾಲ್ಕನೇ ತಾರೀಖು

ನರ್ಸಿಂಗ್ ಓದುವ ಮೊಮ್ಮಗಳೇ, ನನ್ನ ದಿನಚರಿಯನ್ನು ಕದ್ದು ಓದುವ ಚಾಳಿ ನಿನಗಿದೆಯೆಂದು ನನಗೆ ಗೊತ್ತು. ಓದು, ನಾಚಿಕೆಗೆಟ್ಟವಳೇ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಅಕ್ಷರ ಸೊಟ್ಟಗಿದ್ದರೂ ಬೈಗುಳ ನೆಟ್ಟಗಿದೆ.

ಬೆಳಿಗ್ಗೆ ನಿನ್ನ ತಾತ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡರು. ನಾಲಿಗೆ ತೊದಲುತ್ತಿತ್ತು, ರೆಪ್ಪೆ ಎತ್ತಲಾಗುತ್ತಿರಲಿಲ್ಲ. ಲಕ್ವ ಹೊಡೆಯಿತೆಂದು ನನ್ನ ಜೀವ ಬಾಯಿಗೆ ಬಂತು. ಆಗ ನೀನು ಬಾಯಿಬಿಟ್ಟೆ.

"ಅಜ್ಜಿ, ರಾತ್ರಿ ಹಾಲಿಗೆ ಅರ್ಧ ನಿದ್ದೆ ಮಾತ್ರೆ ಹಾಕಿದ್ದೆ ಅಷ್ಟೇ. ವಾರ್ಡಲ್ಲಿ ಯಾರೋ ಬಿಟ್ಟುಹೋಗಿದ್ದು. ತಾತ ರಾತ್ರಿಯೆಲ್ಲಾ ಗೊಣಗ್ತಿದ್ರೆ ನಾನು ಓದೋದು ಹೇಗೆ?"

"ಏನು ಓದ್ತಿದ್ದೆ ತಾಯಿ?"

"ಔಷಧಿ ಕಾಯ್ದೆ."

ಥೂ. ಡಾಕ್ಟರ ಚೀಟಿಯಿಲ್ಲದೆ ನಿದ್ದೆ ಮಾತ್ರೆ ಕೊಡಬಾರದು, ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ ಎಂದು ನೀನು ಗಿಳಿಪಾಠ ಒಪ್ಪಿಸುವುದನ್ನು ಕೇಳಿ ಕೇಳಿ ನನಗೇ ಬಾಯಿಪಾಠವಾಗಿದೆ. ಬಾಯಲ್ಲಿ ಕಾಯ್ದೆ, ಕೈಯಲ್ಲಿ ಲೋಟ.

ಅದಕ್ಕಿಂತ ಹೇಸಿಗೆಯೆಂದರೆ, ಹೊಲಿಗೆ ಹಾಕಿದ ಡಾಕ್ಟರ ಎದುರು "ವಯಸ್ಸಾಯ್ತಲ್ಲ ಸಾರ್, ಜಾರಿದ್ರು" ಎಂದೆಯಲ್ಲ. ಮಾತ್ರೆಯ ವಿಷಯ ನಾನೇ ಹೇಳಬೇಕಾಯಿತು. ಬಿ.ಪಿ. ಮಾತ್ರೆಯ ಜೊತೆಗೆ ಇದನ್ನೂ ಕೊಟ್ಟಿರಾ ಎಂದು ಅವರು ನನ್ನನ್ನೇ ಗದರಿದರು. ನೀನು ನೆಲ ನೋಡುತ್ತಿದ್ದೆ.

ಸಂಜೆ ನಾನು ಹಾಲು ಕೊಟ್ಟರೆ ತಾತ ಮೊದಲು ಮೂಸಿ ನೋಡಿದರು. ಇಷ್ಟು ವರ್ಷ ನನ್ನ ಕೈಯಿಂದ ಉಂಡವರು.

ಮುಂದಿನ ತಿಂಗಳಿಂದ ವಾರ್ಡಿನಲ್ಲಿ ಔಷಧಿ ಕೊಡುವ ಕೆಲಸ ನಿನ್ನದಂತೆ. ಅಲ್ಲಿನ ಮುದುಕರು ಗೊಣಗಿದರೆ ಏನು ಮಾಡುತ್ತೀ? ನಿನ್ನ ಕಾಲೇಜಿನ ಮೇಡಂಗೆ ಈ ವಿಷಯ ನೀನು ಹೇಳುತ್ತೀಯೋ, ನಾನು ಬಂದು ಹೇಳಲೋ? ಇದೇ ಹಾಳೆಯ ಕೆಳಗೆ, ತಿಂಗಳು ಹುಟ್ಟುವ ಮೊದಲು ಉತ್ತರ ಬರೆ.